ಕೋಡಿ ನೀರಿನ ದಾರಿ, ವಿಆರ್ ಕನ್ನಡಕದೊಳಗೆ

ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಾದ ನೀರು ಯಾವ ದಾರಿ ಹಿಡಿಯುತ್ತದೆ ಎಂಬುದು ನಮ್ಮ ಕೋಲಾರ ತಾಲ್ಲೂಕಿನ ಹಳ್ಳಿಗಳಲ್ಲಿ ಐವತ್ತು ದಾಟಿದವರಿಗೆ ಗೊತ್ತು. ಹರೆಯದವರಿಗೆ ಅಷ್ಟಾಗಿ ಗೊತ್ತಿಲ್ಲ. ಅವರು ಬೆಳೆಯುವ ಕಾಲಕ್ಕೆ ಕೆರೆ ತುಂಬುವುದೇ ಅಪರೂಪವಾಗಿತ್ತು. ಕೋಡಿ ಕಾಲುವೆಯಲ್ಲಿ ಜಾಲಿ ಬೆಳೆಯಿತು, ಆಮೇಲೆ ತಿಪ್ಪೆ ಬಂತು, ಹುಲ್ಲಿನ ಮೆದೆ ಬಂತು, ಕೊನೆಗೆ ಮನೆಯೂ ಬಂತು. 2021ರ ನವೆಂಬರ್‌ನಲ್ಲಿ ಬಿಡದೆ ಸುರಿದ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದಾಗ ನೀರು ಯಾರನ್ನೂ ಕೇಳದೆ ತನ್ನ ಹಳೆಯ ದಾರಿಯಲ್ಲೇ ನಡೆಯಿತು.

ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿದೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯುತ್ತಿದೆ. ಆ ನೀರಿನ ಗುಣಮಟ್ಟದ ಜಗಳ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಬೇಸಿಗೆಯಲ್ಲೂ ನೀರು ನಿಂತಿರುವ ಕೆರೆಗೆ ದೊಡ್ಡ ಮಳೆ ಬಂದರೆ ಹಿಡಿದಿಡಲು ಜಾಗ ಕಡಿಮೆ ಎಂಬುದಷ್ಟೇ ನನ್ನ ಮಾತು. ಒಣಗಿದ ಕೆರೆಯಾಗಿದ್ದರೆ ನುಂಗಿಬಿಡುತ್ತಿದ್ದ ಮಳೆ ಈಗ ಬೇಗ ಕೋಡಿ ಮುಟ್ಟುತ್ತದೆ. ಜೊತೆಗೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶ ಹಿಡಿಯಬಲ್ಲದು. ಅಂದರೆ ವರ್ಷದ ಮಳೆಯ ಮೊತ್ತ ಹೆಚ್ಚದಿದ್ದರೂ ಬರುವ ಮಳೆ ಒಮ್ಮೆಲೇ ಸುರಿದು ಹೋಗುವ ಸಾಧ್ಯತೆ ಹೆಚ್ಚು.

ಇದನ್ನೆಲ್ಲ ಗ್ರಾಮಸಭೆಯಲ್ಲಿ ಹೇಳಿದರೆ ಜನ ತಲೆಯಾಡಿಸುತ್ತಾರೆ, ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ನಾನು ಕೆಲಸ ಮಾಡುವ ಸಣ್ಣ ಸಂಸ್ಥೆಗೆ ಯಾರೋ ಎರಡು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗಳನ್ನು ದಾನ ಕೊಟ್ಟಿದ್ದರು. ಕಣ್ಣಿಗೆ ಕಟ್ಟಿಕೊಂಡರೆ ಚಿತ್ರದ ಜಾಗದೊಳಗೇ ಇದ್ದಂತೆ ಸುತ್ತಲೂ ಕಾಣಿಸುವ ಕನ್ನಡಕ ಅದು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸಮುದ್ರ ಮಟ್ಟ ಏರಿದರೆ ತಮ್ಮ ರಸ್ತೆ, ಉದ್ಯಾನಗಳು ಹೇಗೆ ಕಾಣುತ್ತವೆ ಎಂಬುದನ್ನು ಜನರಿಗೆ ವಿಆರ್‌ನಲ್ಲಿ ತೋರಿಸಿದ್ದನ್ನು ಓದಿದ್ದೆ. ನಮಗೆ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಕೆರೆ ಇದೆ.

ಮೊದಲು ಎಲ್ಲರೂ ಹೇಳಿದ್ದು ಬರದ ದೃಶ್ಯ ಮಾಡಿ ಎಂದು. ನಾನು ಒಪ್ಪಲಿಲ್ಲ. ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸಿ ಧೂಳು ನೋಡಿದವರಿಗೆ ಬರವನ್ನು ಕನ್ನಡಕ ಹಾಕಿ ತೋರಿಸುವುದು ಅಪಹಾಸ್ಯ. ಅವರು ಅಷ್ಟಾಗಿ ನೋಡಿರದ, ಊರೊಳಗೆ ಬರುವ ಕೋಡಿ ನೀರನ್ನು ತೋರಿಸಬೇಕಿತ್ತು. ಊರನ್ನು ಚಿತ್ರೀಕರಿಸಿ, ಆ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ನೀರು ಸೇರಿಸುವುದು ನಮ್ಮ ಯೋಚನೆ.

ಚಿತ್ರೀಕರಣ ಕಷ್ಟವಲ್ಲ. 360 ಡಿಗ್ರಿ ಕ್ಯಾಮೆರಾ ಎಂದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಮೀನುಗಣ್ಣಿನ ಲೆನ್ಸ್, ಸುತ್ತಲಿನ ಎಲ್ಲವನ್ನೂ ಒಮ್ಮೆಲೇ ಹಿಡಿಯುತ್ತದೆ. ಅದನ್ನು ತೆಳ್ಳಗಿನ ಕಂಬದ ಮೇಲೆ ಮನುಷ್ಯನ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ, ನಾವು ಕೆರೆ ಏರಿಯ ಹಿಂದೆ ಅಡಗಿಕೊಳ್ಳುತ್ತಿದ್ದೆವು, ಇಲ್ಲದಿದ್ದರೆ ನಾವೂ ಚಿತ್ರದಲ್ಲಿ. ಕೋಡಿಯ ಮೇಲೆ, ಕಾಲುವೆಯ ತಿರುವಿನಲ್ಲಿ, ಅಂಗನವಾಡಿಯ ಮುಂದೆ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ, ಹೀಗೆ ನೀರು ಬರುವ ದಾರಿಯುದ್ದಕ್ಕೂ ಕ್ಯಾಮೆರಾ ಇಟ್ಟೆವು. ಕ್ಯಾಮೆರಾ ಹಿಡಿದು ನಡೆಯಲೇ ಇಲ್ಲ. ದೃಶ್ಯ ಓಡಿದರೆ, ಕುಳಿತವರ ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನ ಇನ್ನೊಂದು ಹೇಳುತ್ತದೆ, ವಾಕರಿಕೆ ಬರುತ್ತದೆ.

ಕಷ್ಟವಿದ್ದದ್ದು ಆ ಚಿತ್ರದಲ್ಲಿ ನೀರನ್ನು ಎಷ್ಟು ಎತ್ತರಕ್ಕೆ ಬಿಡಿಸಬೇಕು ಎಂಬುದರಲ್ಲಿ. ಉಚಿತವಾಗಿ ಸಿಗುವ ಉಪಗ್ರಹದ ಎತ್ತರದ ನಕ್ಷೆಗಳಲ್ಲಿ ಒಂದೊಂದು ಚೌಕ 30 ಮೀಟರ್, ಎತ್ತರದಲ್ಲಿ ಕೆಲವು ಮೀಟರ್ ಆಚೀಚೆ. ಮೊಣಕಾಲುದ್ದ ನೀರಿನ ಲೆಕ್ಕಕ್ಕೆ ಅದು ಉಪಯೋಗವಿಲ್ಲ. ಗಾರೆ ಕೆಲಸದವರೊಬ್ಬರು ತಮ್ಮ ನೀರು ತುಂಬಿದ ಪಾರದರ್ಶಕ ಪೈಪ್ ತಂದರು. ಅಡಿಪಾಯದ ಮಟ್ಟ ನೋಡುವ ಅದೇ ಪೈಪಿನಿಂದ ಕೋಡಿ ಕಲ್ಲಿನ ಮಟ್ಟವನ್ನು ಗುರುತಿನಿಂದ ಗುರುತಿಗೆ ಬೀದಿಯೊಳಗೆ ತಂದೆವು. ಹಿಂದೆ ನೀರುಗಂಟಿಯಾಗಿ ಕೆರೆ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ತಾತ ಮುಂದೆ ಮುಂದೆ ನಡೆದು, ತಮ್ಮ ಹುಡುಗುತನದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೋಲಿನಿಂದ ತೋರಿಸಿದರು: ಗುಡಿಯ ಜಗಲಿಯ ಎರಡನೇ ಕಲ್ಲು, ಅರಳಿಕಟ್ಟೆಯ ಬುಡ. 2021ರ ಗುರುತುಗಳನ್ನು ಹೆಂಗಸರು ತೋರಿಸಿದರು, ಕೆಸರು ತೊಳೆದವರು ಅವರೇ ತಾನೆ. ಎರಡೂ ಗುರುತುಗಳು ಎಷ್ಟೋ ಕಡೆ ಹೊಂದುತ್ತಿದ್ದವು. ಈ ಓಡಾಟ ನೋಡಿ ಜಮೀನಿನ ಸರ್ವೆ ಎಂದು ಕೆಲವರು ಅನುಮಾನಪಟ್ಟರು. ತಾತ ಜೊತೆಗಿಲ್ಲದಿದ್ದರೆ ನಮ್ಮ ಪೈಪ್ ಉಳಿಯುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ನೀರು ಸೇರಿಸುವ ಹುಡುಗನಿಗೆ ಸಿನಿಮಾದಂತೆ ಅಲೆ ಎಬ್ಬಿಸುವ ಆಸೆ. ಮೊದಲ ಕರಡು ನೋಡಿದ ತಾತ, "ಇದು ಸುಳ್ಳು. ಕೋಡಿ ನೀರು ಸದ್ದಿಲ್ಲದೆ ಬರುತ್ತದೆ. ಚಪ್ಪಲಿ ತೇಲಿದಾಗಲೇ ಗೊತ್ತಾಗುವುದು" ಎಂದರು. ಅಲೆಗಳನ್ನು ತೆಗೆದೆವು. ನೀರು ಮೆಲ್ಲಗೆ ಏರಿ ಮೊಣಕಾಲಿಗೆ ನಿಲ್ಲುತ್ತದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ತೇಲಿ ಹೋಗುತ್ತದೆ. ವಿವರಣೆ ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ.

ಯಾರದೇ ಮನೆ ಮುಳುಗುವುದನ್ನು ಅವರ ಒಪ್ಪಿಗೆಯಿಲ್ಲದೆ ತೋರಿಸಬಾರದು ಎಂದು ಮೊದಲೇ ತೀರ್ಮಾನಿಸಿದ್ದೆವು. ಕಾಲುವೆಯ ಮೇಲೆ ಮನೆ ಕಟ್ಟಿಕೊಂಡವರು ಹೆಚ್ಚಾಗಿ ಬೇರೆಲ್ಲೂ ಜಾಗ ಸಿಗದವರು. ಅವರ ಬಾಗಿಲನ್ನೇ ಪರದೆಯ ಮೇಲೆ ಹಾಕಿದರೆ ಅದು ಸಿದ್ಧತೆಯಾಗುವುದಿಲ್ಲ, ಊರ ಮುಂದೆ ದೂರು ಕೊಟ್ಟಂತಾಗುತ್ತದೆ. ಅಂಗನವಾಡಿ, ಗುಡಿ, ರಸ್ತೆ, ಟ್ರಾನ್ಸ್‌ಫಾರ್ಮರ್ ಸಾಕಾಯಿತು. ಪಕ್ಕದ ಮನೆಯವರು ತಮ್ಮ ಮನೆಗೆಷ್ಟು ಬರುತ್ತದೆಂದು ತಾವೇ ಲೆಕ್ಕ ಹಾಕಿಕೊಂಡರು.

ಪ್ರದರ್ಶನಕ್ಕೆ ಹಾಲಿನ ಡೇರಿಯ ಕೋಣೆ ಆರಿಸಿಕೊಂಡೆವು, ಬೆಳಿಗ್ಗೆ ಹಾಲು ಹಾಕಿ ಮುಗಿದ ಮೇಲೆ. ಬಯಲಿನಲ್ಲಿ ಮಾಡಬಾರದು: ಹೆಡ್‌ಸೆಟ್‌ನ ಲೆನ್ಸ್‌ಗೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ. ಹಾಗೆಂದು ಕತ್ತಲೆಯೂ ಆಗದು, ಸುತ್ತಲ ಜಾಗವನ್ನು ಅದು ತನ್ನ ಕ್ಯಾಮೆರಾಗಳಿಂದಲೇ ಗುರುತಿಸುತ್ತದೆ. ಇಂಟರ್ನೆಟ್ ನಂಬದೆ ಚಿತ್ರವನ್ನು ಹೆಡ್‌ಸೆಟ್‌ನೊಳಗೇ ತುಂಬಿಕೊಂಡು ಹೋಗುತ್ತಿದ್ದೆವು. ಸುತ್ತ ತಿರುಗಿ ನೋಡಲು ಪ್ಲಾಸ್ಟಿಕ್ ಕುರ್ಚಿ ಒಗ್ಗಲಿಲ್ಲ. ಪಂಚಾಯಿತಿ ಕಚೇರಿಯಿಂದ ಅಭಿವೃದ್ಧಿ ಅಧಿಕಾರಿಗಳ ತಿರುಗುವ ಕುರ್ಚಿ ತಂದೆವು. ಆ ಕುರ್ಚಿಯಲ್ಲಿ ಕೂರಲು ಸಿಗುತ್ತದೆ ಎಂದೇ ಕೆಲವು ಅಜ್ಜಿಯರು ಬಂದರು ಎಂಬ ಅನುಮಾನ ನನಗಿದೆ.

ತುರುಬು ಕಟ್ಟಿ ಹೂ ಮುಡಿದವರಿಗೆ ಹಿಂದಿನ ಪಟ್ಟಿಯನ್ನು ಸಡಿಲ ಮಾಡಿ ತುರುಬಿನ ಕೆಳಗೆ ಹಾಕಬೇಕು. ಎಣ್ಣೆ, ಕುಂಕುಮ ಹತ್ತುವುದರಿಂದ ಒರೆಸಬಹುದಾದ ಸಿಲಿಕೋನ್ ಹೊದಿಕೆ ಇರಲಿ. ಲೆನ್ಸ್‌ಗೆ ಮಾತ್ರ ಸ್ಯಾನಿಟೈಸರ್ ತಾಗಿಸಬೇಡಿ, ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಮೂರ್ಛೆ ರೋಗ ಇರುವವರಿಗೆ, ತಲೆಸುತ್ತು ಬರುವವರಿಗೆ, ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಹಾಕಲಿಲ್ಲ. ಮಿಕ್ಕವರ ಭುಜದ ಮೇಲೆ ಪಕ್ಕದಲ್ಲಿ ಒಬ್ಬರು ಕೈ ಇಟ್ಟಿರುತ್ತಿದ್ದರು. ಚಿತ್ರ ಕೆಲವೇ ನಿಮಿಷದ್ದು, ಸರದಿ ಉದ್ದ. ಲ್ಯಾಪ್‌ಟಾಪ್‌ಗೆ ತಂತಿ ಹಾಕಿ, ಒಳಗಿನವರು ನೋಡುತ್ತಿರುವುದನ್ನು ಹೊರಗಿನವರಿಗೂ ಕಾಣಿಸಿದೆವು. ಅದರಿಂದ ಗದ್ದಲವಾಯಿತು, ಒಳ್ಳೆಯ ಗದ್ದಲ. "ಎಡಕ್ಕೆ ತಿರುಗು ಅತ್ತೆ, ನಮ್ಮ ಕೊಟ್ಟಿಗೆ ನೋಡು" ಎಂದು ಸೊಸೆ ಕೂಗುತ್ತಿದ್ದಳು. ಅತ್ತೆ ಕಾಲು ಮೇಲಕ್ಕೆತ್ತಿ ಕುಳಿತಿದ್ದರು.

ವಿಆರ್‌ನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಕನ್ನಡಕ ತೆಗೆದ ಮೇಲಿನ ಅರ್ಧ ಗಂಟೆಯೇ ನಿಜವಾದ ಕಾರ್ಯಕ್ರಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಸಮಯ ಇಡದವರು ಹೆಡ್‌ಸೆಟ್ ತರುವುದೇ ಬೇಡ, ಅದು ಜಾತ್ರೆಯ ಆಟವಾಗುತ್ತದೆ. ಡೇರಿಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರ ನಕ್ಷೆ ಬಿಡಿಸಿ, ನೀರಿನ ದಾರಿಯನ್ನು ಜನರೇ ಎಳೆದರು. ಕೋಡಿ ಕಾಲುವೆಯ ಹೂಳು ಮತ್ತು ಜಾಲಿ ತೆಗೆಯುವುದನ್ನು ಉದ್ಯೋಗ ಖಾತ್ರಿಯ ಕೆಲಸಗಳ ಪಟ್ಟಿಗೆ ಸೇರಿಸಬೇಕೆಂದು ಅಲ್ಲೇ ಬರೆಸಿದರು. ಅಂಗನವಾಡಿಯ ಅಕ್ಕಿ ಮೂಟೆಗಳಿಗೆ ಎತ್ತರದ ಹಲಗೆ ಹಾಕಿಸಿದರು. ಕಾಲುವೆ ಪಕ್ಕದ ಮೋಟಾರುಗಳ ಸ್ಟಾರ್ಟರ್ ಪೆಟ್ಟಿಗೆಗಳನ್ನು ಕೆಲವರು ಮೇಲಕ್ಕೇರಿಸಿದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ, ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಫೋನ್ ಮಾಡುವ ಜವಾಬ್ದಾರಿ ಡೇರಿಯ ಕಾರ್ಯದರ್ಶಿಯದು, ಬೀದಿಗೆ ತಿಳಿಸುವುದು ಸ್ತ್ರೀಶಕ್ತಿ ಸಂಘದ ಹೆಂಗಸರದು ಎಂದಾಯಿತು.

ಕಾಲುವೆಯ ಮೇಲಿನ ಮನೆಗಳ ವಿಷಯಕ್ಕೆ ಬಂದಾಗ ಮಾತು ನಿಂತಿತು. ಬದಲಿ ನಿವೇಶನ ಕೊಡದೆ ಅದು ಮುಂದುವರಿಯದು, ಅದು ಯಾವ ಕನ್ನಡಕದಿಂದಲೂ ಆಗುವ ಕೆಲಸವಲ್ಲ. ಕೋಡಿ ಬಿದ್ದ ರಾತ್ರಿ ಆ ಮನೆಯವರು ಎಲ್ಲಿ ಮಲಗಬೇಕು ಎಂಬುದು ಮಾತ್ರ ತೀರ್ಮಾನವಾಯಿತು, ಶಾಲೆಯ ಕೋಣೆಯಲ್ಲಿ. ಬೀಗದ ಕೈ ಯಾರ ಬಳಿ ಇರಬೇಕೆಂಬುದಕ್ಕೆ ಜಗಳವೂ ಆಯಿತು.

ಹೆಡ್‌ಸೆಟ್ ಕೊಳ್ಳಲು ಆಗದವರು ಇದೇ 360 ಡಿಗ್ರಿ ಚಿತ್ರವನ್ನು ಮೊಬೈಲ್‌ನಲ್ಲಿ ಬೆರಳಿನಿಂದ ತಿರುಗಿಸಿ ತೋರಿಸಬಹುದು. ಕಾಲೆತ್ತಿ ಕೂರುವಷ್ಟು ನಿಜವೆನಿಸುವುದಿಲ್ಲ, ಆದರೆ ನಕ್ಷೆಯ ಮಾತುಕತೆಗೆ ಸಾಕು. ನೀರಿನ ಮಟ್ಟವನ್ನು ಮಾತ್ರ ಊರಿನವರ ಗುರುತಿನಿಂದಲೇ ತೆಗೆದುಕೊಳ್ಳಿ.

ನಮ್ಮ ಕೆರೆಯ ಕೋಡಿ ನೀರು ಹೋಗಿ ಸೇರುವುದು ಕೆಳಗಿನ ಊರಿನ ಕೆರೆಗೆ. ಇಲ್ಲಿ ಕಾಲುವೆ ಚೊಕ್ಕಟವಾದರೆ ಅಲ್ಲಿಗೆ ನೀರು ಬೇಗ ಬರುತ್ತದೆ ಎಂದು ಆ ಊರಿನವರು ಆಗಲೇ ತಕರಾರು ತೆಗೆದಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಗಾರೆ ಕೆಲಸದವರ ಪೈಪ್ ಮುಂದಿನ ವಾರ ಅಲ್ಲಿಗೆ ಹೋಗುತ್ತದೆ. ಎರಡೂ ಊರಿನ ಹಿರಿಯರು ಒಟ್ಟಿಗೆ ನಡೆದು ಗುರುತು ತೋರಿಸಿದರೆ ಮಾತ್ರ ಕ್ಯಾಮೆರಾ ಇಡುತ್ತೇವೆ ಎಂದು ಹೇಳಿ ಬಂದಿದ್ದೇನೆ.