ಬದುವಿನ ಬಾವಿ, ಹುಣಸೆ ಬೀಜ
ಶ್ರೀನಿವಾಸಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸಹವೇಲೆನ್ಸಿ ಬಂಧದ ಪಾಠದಲ್ಲಿ ವರ್ಷಗಟ್ಟಲೆ ಒಂದೇ ವಾಕ್ಯ ಹೇಳುತ್ತಾ ಬಂದಿದ್ದೆ: ‘ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುತ್ತವೆ.’ ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ‘ಸರ್, ಎರಡು ಹೈಡ್ರೋಜನ್‌ಗಳ ಹತ್ತಿರ ಇರುವುದೇ ಎರಡು ಎಲೆಕ್ಟ್ರಾನ್. ಹಂಚಿಕೊಂಡರೆ ಒಂದೊಂದಕ್ಕೆ ಒಂದೇ ಬರುತ್ತದೆ. ಹೊರಕವಚ ತುಂಬಲು ಹೀಲಿಯಂನ ಹಾಗೆ ಎರಡು ಬೇಕಲ್ಲ, ಅದು ಹೇಗಾಗುತ್ತದೆ?’

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಹಂಚಿಕೊಳ್ಳುವುದೆಂದರೆ ಪಾಲು ಮಾಡಿಕೊಳ್ಳುವುದು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೆ ನಡುವೆ ಬದು ಏಳುತ್ತದೆ. ನನಗೆ ಬೇಕಾದ ಹೋಲಿಕೆ ಆ ಬದುವಿನ ಮೇಲೆಯೇ ಇತ್ತು: ಹೊಲ ಪಾಲಾದರೂ ಪಾಲಾಗದ ಜಂಟಿ ಬಾವಿ. ಅಂಥ ಎಷ್ಟೋ ಬಾವಿಗಳು ಇಂದು ಬತ್ತಿವೆ, ಆದರೂ ಮಕ್ಕಳಿಗೆ ಅದು ಗೊತ್ತು. ಅಣ್ಣನನ್ನು ಕೇಳಿದರೆ ‘ನಮಗೊಂದು ಬಾವಿಯಿದೆ’ ಎನ್ನುತ್ತಾನೆ, ತಮ್ಮನೂ ಹಾಗೆಯೇ ಎನ್ನುತ್ತಾನೆ. ಇಬ್ಬರದೂ ನಿಜ.

ಮರುದಿನ ನೀರಿನ ಅಣುವನ್ನು ತೋರಿಸಲು ಹುಣಸೆ ಬೀಜ ತಂದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ, ಅಂಚು ಒಂದರೊಳಗೊಂದು ನುಗ್ಗಿದ ಮೂರು ವೃತ್ತ: ನಡುವೆ ಆಕ್ಸಿಜನ್, ಅಕ್ಕಪಕ್ಕ ಹೈಡ್ರೋಜನ್. ಹೊರಕವಚದ ಎಲೆಕ್ಟ್ರಾನ್‌ಗಳಿಗೆ ಮಾತ್ರ ಬೀಜ: ಆಕ್ಸಿಜನ್ನಿಗೆ 6, ಹೈಡ್ರೋಜನ್ನಿಗೆ ಒಂದೊಂದು. ವೃತ್ತಗಳು ಕೂಡುವಲ್ಲಿ ಎರಡೆರಡು ಬೀಜ. ಉಳಿದ 4 ಆಕ್ಸಿಜನ್ನಿನ ಸ್ವಂತಕ್ಕೆ. ಆಕ್ಸಿಜನ್ ವೃತ್ತದಲ್ಲಿ ಎಣಿಸಿದರೆ 8, ಒಂದೊಂದು ಹೈಡ್ರೋಜನ್ ವೃತ್ತದಲ್ಲಿ 2: ಅವುಗಳ ಹೊರಕವಚ ತುಂಬಲು ಬೇಕಾದಷ್ಟೇ. ಕೂಡಿಸಿದರೆ 12, ಆದರೆ ನೆಲದ ಮೇಲಿರುವುದು 8. ಬಾವಿಯನ್ನು ಎರಡು ಸಲ ಎಣಿಸಿದ್ದೇವೆ ಎಂದು ಮಕ್ಕಳೇ ಕಂಡುಕೊಂಡರು.

ಮೊದಲು ಹೈಡ್ರೋಜನ್ನಿಗೆ ಅವರೆಕಾಳು ಇಟ್ಟಿದ್ದೆ. ‘ಅವರೆಕಾಳು ಹೈಡ್ರೋಜನ್ನಿನದೇ’ ಎಂದು ಒಬ್ಬ ವಾದಿಸಿದಾಗ ಅದನ್ನು ತೆಗೆದೆ. ಎಲೆಕ್ಟ್ರಾನಿಗೆ ತವರಿನ ಗುರುತಿಲ್ಲ.

ಜೋಡಿ ಎಲೆಕ್ಟ್ರಾನಿನ ಈ ವಿಚಾರವನ್ನು ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಮುಂದಿಟ್ಟರು. ಬಾವಿಯ ಹೋಲಿಕೆ ಎಲ್ಲಿ ನಿಲ್ಲುತ್ತದೆಂದೂ ಹೇಳಲೇಬೇಕು: ಎರಡೂ ನ್ಯೂಕ್ಲಿಯಸ್‌ಗಳು ನಡುವಿನ ಋಣಾವೇಶದ ಜೋಡಿಯನ್ನು ಸೆಳೆಯುವುದರಿಂದ ಪರಮಾಣುಗಳು ಬಿಗಿದುಕೊಂಡಿರುತ್ತವೆ. ಬಾವಿ ಯಾರನ್ನೂ ಹಾಗೆ ಹಿಡಿದಿಡುವುದಿಲ್ಲ.

ಕೊನೆಗೆ ಅದೇ ಹುಡುಗಿಗೆ ನೈಟ್ರೋಜನ್ ಕೊಟ್ಟೆ: ಎರಡು ವೃತ್ತ, ಐದೈದು ಬೀಜ. ನಡುವೆ 2 ಇಟ್ಟಳು. ಒಂದೊಂದು ಕಡೆ 6 ಆಯಿತು. 4 ಇಟ್ಟಳು, 7. ಆಮೇಲೆ ಎರಡೂ ಕಡೆಯಿಂದ ಇನ್ನೊಂದೊಂದು ಬೀಜವನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ನಡುವೆ 6, ಎಣಿಸಿದರೆ ಎರಡೂ ಕಡೆ 8. ಮೂರು ಜೋಡಿ, ತ್ರಿಬಂಧ.

‘ಇದನ್ನು ಬಿಡಿಸುವುದು ಕಷ್ಟ ಅಲ್ಲವೇ ಸರ್?’ ಎಂದಳು.

ಹೌದು. ಗಾಳಿಯಲ್ಲಿ ಶೇ. 78ರಷ್ಟು ನೈಟ್ರೋಜನ್ ಇದ್ದರೂ ಗಿಡಗಳಿಗೆ ಈ ಬಂಧ ಬಿಡಿಸಲಾಗದು. ಅವಳ ಅಪ್ಪ ಟೊಮೆಟೊ ತೋಟಕ್ಕೆ ನೈಟ್ರೋಜನ್ ಗೊಬ್ಬರವಾದ ಯೂರಿಯಾದ ಚೀಲ ಹೊತ್ತು ತರುವುದು ಅದಕ್ಕೇ.