ಟ್ರಿಬ್ಯೂಟ್ ಶೋಗೆ ಹೊರಟ ಹಳೇ ಫ್ಯಾನ್‌ಗೆ ನಾಲ್ಕು ಮಾತು

ಪಿಂಕ್ ಫ್ಲಾಯ್ಡ್ ಟ್ರಿಬ್ಯೂಟ್ ಶೋ ಇದೆ, ಬರ್ತೀಯಾ ಅಂತ ಗೆಳೆಯ ಕೇಳಿದಾಗ ಮೊದಲು ಮೂಗು ಮುರಿದವನು ನಾನೇ. ಬ್ರಿಟನ್ನಿನ ಆ ರಾಕ್ ಬ್ಯಾಂಡಿನ ಹಾಡುಗಳನ್ನು ಬೇರೆಯವರು ನುಡಿಸುವ ಶೋ ಅದು. 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ, ಆ ಬ್ಯಾಂಡಿನಲ್ಲೇ ಇದ್ದ ರೋಜರ್ ವಾಟರ್ಸ್ ಅವರನ್ನೇ ಕಣ್ಣಾರೆ ನೋಡಿದ್ದೆ, ಈಗ ನಕಲಿಗೆ ದುಡ್ಡು ಕೊಡಬೇಕಾ ಅನ್ನೋ ಜಂಬ. ಆದರೆ ಯೋಚಿಸಿ ನೋಡಿ. ಕೀಬೋರ್ಡಿನ ರಿಕ್ ರೈಟ್ 2008ರಲ್ಲೇ ತೀರಿಕೊಂಡರು. ವಾಟರ್ಸ್‌ಗೂ ಗಿಟಾರಿನ ಗಿಲ್ಮರ್‌ಗೂ ಇರುವ ಜಗಳ ಊರಿಗೆಲ್ಲ ಗೊತ್ತು. ಆ ಹಾಡುಗಳನ್ನು ಎದುರಿಗೆ ಕೂತು, ಎದೆ ನಡುಗುವಷ್ಟು ಜೋರಾಗಿ ಕೇಳಬೇಕು ಅಂದರೆ ನಮಗೆ ಉಳಿದಿರುವುದು ಇದೇ.

ಟಿಕೆಟ್ ತೆಗೆಯುವ ಮೊದಲು ಯೂಟ್ಯೂಬ್‌ನಲ್ಲಿ ಶೋ ಕೊಡುವ ಬ್ಯಾಂಡನ್ನು ಹುಡುಕಿ. ಅವರೇ ಎಡಿಟ್ ಮಾಡಿ ಹಾಕಿದ್ದು ಬೇಡ, ಯಾರೋ ಪ್ರೇಕ್ಷಕರು ಮೊಬೈಲಿನಲ್ಲಿ ತೆಗೆದದ್ದು ನೋಡಿ. ಗಿಟಾರ್ ಬಿಡಿ, ಅದನ್ನು ಎಲ್ಲರೂ ಮನೆಯಲ್ಲಿ ಹತ್ತು ವರ್ಷ ತಿಕ್ಕಿಕೊಂಡೇ ಬಂದಿರುತ್ತಾರೆ. ಸ್ಯಾಕ್ಸೋಫೋನ್ ಊದುವವರು ಇದ್ದಾರಾ, ಹಾಡಲು ಹೆಣ್ಣುಮಕ್ಕಳಿದ್ದಾರಾ, ಅದು ನೋಡಿ. ಅದೆಲ್ಲ ಲ್ಯಾಪ್‌ಟಾಪಿನಿಂದ ಬರುತ್ತಿದ್ದರೆ ದುಡ್ಡು ಉಳಿಸಿ, ಮನೆಯಲ್ಲೇ ಹೆಡ್‌ಫೋನ್ ಹಾಕಿಕೊಳ್ಳಿ.

ಮುಂದಿನ ಸಾಲಿಗೆ ನುಗ್ಗಬೇಡಿ. ಹಾಲ್ ಮಧ್ಯದಲ್ಲಿ ಅಥವಾ ಹಿಂದೆ ಸೌಂಡ್ ಮಿಕ್ಸ್ ಮಾಡುವವನು ಕೂತಿರುತ್ತಾನಲ್ಲ, ಅವನ ಪಕ್ಕ ಅಥವಾ ಮುಂದೆ ಜಾಗ ಹಿಡಿಯಿರಿ. ಅವನು ತನ್ನ ಕಿವಿಗೆ ಸರಿಯಾಗುವ ಹಾಗೆ ತಾನೇ ಎಲ್ಲ ತಿರುಗಿಸುವುದು, ಆ ಸುಖ ನಿಮಗೂ ಸಿಗುತ್ತದೆ. ಇಯರ್‌ಪ್ಲಗ್ ಇಟ್ಟುಕೊಳ್ಳಿ. ನಾಚಿಕೆ ಏನೂ ಇಲ್ಲ, ವಯಸ್ಸಾಗಿದೆ ಅಲ್ವಾ.

ಕಷ್ಟ ಇರುವುದು ನಮ್ಮ ಕಿವಿಯಲ್ಲೇ. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ಮನ್ನು ನಾನು ಕ್ಯಾಸೆಟ್ಟಿನಲ್ಲಿ ಸವೆಸಿದವನು. ಮೊದಲ ಸೈಡಿನ ಕೊನೆಯ ಹಾಡು 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಮುಗಿದರೆ ಟಕ್ ಅಂತ ಬಟನ್ ಮೇಲೆ ಬರಬೇಕು, ಎದ್ದು ಹೋಗಿ ಸೈಡ್ ತಿರುಗಿಸಬೇಕು. ಮೊದಲ ಟ್ರಿಬ್ಯೂಟ್ ಶೋನಲ್ಲಿ ಆ ಹಾಡು ಮುಗಿದ ಕೂಡಲೇ ನಾನು ಸೀಟಿನಿಂದ ಅರ್ಧ ಎದ್ದಿದ್ದೆ! ಪಕ್ಕದ ಹುಡುಗಿ ದಾರಿ ಬಿಡಲು ಕಾಲು ಮಡಚಿದಳು. ಹಾಗಾಗಿ ಶೋಗೆ ಒಂದು ವಾರ ಇರುವಾಗಲೇ ರೆಕಾರ್ಡ್ ಕೇಳುವುದನ್ನು ನಿಲ್ಲಿಸಿಬಿಡಿ. ಇಲ್ಲದಿದ್ದರೆ ಇಡೀ ಸಂಜೆ ತಪ್ಪು ಹುಡುಕುವುದರಲ್ಲೇ ಕಳೆಯುತ್ತದೆ.

ಬದಲಿಗೆ ಲೆಕ್ಕ ಹಿಡಿಯಿರಿ. ಅದೇ ಆಲ್ಬಮ್ಮಿನ 'ಮನಿ' ಏಳರ ಎಣಿಕೆಯ ಹಾಡು, ನಮ್ಮ ಮಿಶ್ರಛಾಪಿನ ಹಾಗೆ. ತೊಡೆಯ ಮೇಲೆ ತಕಿಟ ತಕಧಿಮಿ ಹಾಕುತ್ತಾ ಹೋಗಿ, ಸ್ಯಾಕ್ಸೋಫೋನ್ ಮುಗಿಯುವವರೆಗೂ ಸರಿಯಾಗಿ ಕೂರುತ್ತದೆ. ಗಿಟಾರ್ ಸೋಲೋ ಶುರುವಾದಾಗ ನಿಮ್ಮ ಕೈ ತಪ್ಪುತ್ತದೆ, ಯಾಕೆಂದರೆ ಹಾಡು ಅಲ್ಲಿ ನಾಲ್ಕಕ್ಕೆ ಬದಲಾಗುತ್ತದೆ. ಆಗ ಗಿಟಾರಿಸ್ಟನ್ನು ಬಿಟ್ಟು ಡ್ರಮ್ಮರ್ ಮುಖ ನೋಡಿ. ಒಳ್ಳೆಯ ಬ್ಯಾಂಡಾದರೆ ಅವನು ನಗುತ್ತಿರುತ್ತಾನೆ. ಸೋಲೋ ಮುಗಿಸಿ ಮತ್ತೆ ಏಳಕ್ಕೆ ಬರುವ ಜಾಗದಲ್ಲೇ ಸುಮಾರು ಬ್ಯಾಂಡುಗಳು ಎಡವುವುದು.

ಇನ್ನು 'ಗ್ರೇಟ್ ಗಿಗ್'. ಅದರಲ್ಲಿ ಸಾಹಿತ್ಯವೇ ಇಲ್ಲ, ಬರೀ ದನಿ. ರೆಕಾರ್ಡಿನಲ್ಲಿ ಹಾಡಿದ ಕ್ಲೇರ್ ಟೋರಿಗೆ ಆವತ್ತು ಸಿಕ್ಕಿದ್ದು 30 ಪೌಂಡ್. ಮುಂದೆ ಅವರು ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಗಿ ಹಾಡು ಕಟ್ಟಿದವರ ಸಾಲಿನಲ್ಲಿ ಅವರ ಹೆಸರೂ ಸೇರಿತು. ಪಿಂಕ್ ಫ್ಲಾಯ್ಡ್‌ನವರೇ 1994ರ ಟೂರಿನಲ್ಲಿ ಇದನ್ನು ಮೂವರು ಗಾಯಕಿಯರಿಗೆ ಹಂಚಿದ್ದರು. ಒಬ್ಬಳೇ ಹುಡುಗಿ ಮೈಕ್ ಮುಂದೆ ಬಂದು, ಕಣ್ಣು ಮುಚ್ಚಿ, ಚಪ್ಪಲಿ ಕಳಚಿಟ್ಟು ನಿಂತಳು ಅಂದರೆ ಮೊಬೈಲ್ ಜೇಬಿಗೆ ಹಾಕಿ. ನಾನು ನೋಡಿದವಳು ರೆಕಾರ್ಡಿನ ಹಾಗೆ ಹಾಡಲೇ ಇಲ್ಲ. ನಡುವೆ ಎಲ್ಲೋ ಕೆಳಗಿಳಿದು, ಅಳು ನಿಲ್ಲಿಸಿಕೊಂಡವಳ ಹಾಗೆ ಸ್ವಲ್ಪ ಹೊತ್ತು ಸುಮ್ನೆ ಗುನುಗಿದಳು. ಅದೊಂದು ತುಣುಕು ನನ್ನ ಕ್ಯಾಸೆಟ್ಟಿನಲ್ಲಿ ಇರಲಿಲ್ಲ.

ಶೋ ಮುಗಿದ ಕೂಡಲೇ ಓಡಬೇಡಿ. ವೈರ್ ಸುತ್ತುತ್ತಾ ನಿಂತಿರುವವರ ಹತ್ತಿರ ಹೋಗಿ ಗಿಟಾರಿನ ದನಿ ಬದಲಿಸುವ ಪೆಡಲ್ ಯಾವುದು ಅಂತ ಕೇಳಿ, ಸೆಲ್ಫಿಗಿಂತ ಅದು ಅವರಿಗೆ ಜಾಸ್ತಿ ಖುಷಿ. ಕೊನೆ ಮೆಟ್ರೋ ಎಷ್ಟು ಹೊತ್ತಿಗೆ ಅಂತ ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ. ಪೆಡಲ್ ಮಾತಿನಲ್ಲಿ ನಾನು ಎರಡು ಸಲ ತಪ್ಪಿಸಿಕೊಂಡಿದ್ದೇನೆ.