ಚಳಿಗಾಲದ ಬುಸಾನ್, ಅತ್ತೆ ಮಾವ ಮಗಳ ಜೊತೆ

ಡಿಸೆಂಬರ್ ಕೊನೇಲಿ ಕೊರಿಯಾ ಅಂದ್ರೆ ಎಲ್ರೂ ಹೇಳೋದು ಸಿಯೋಲ್, ಹಿಮ, ಸ್ಕೀಯಿಂಗ್. ನಮ್ಮದು ಬೇರೆ ಲೆಕ್ಕ. ಮಂಡಿನೋವಿನ ಮಾವ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಅತ್ತೆ, ನಾಕನೇ ಕ್ಲಾಸಿನ ಮಗಳು, ಇಷ್ಟು ಜನಾನ ಕಟ್ಕೊಂಡು ನಾನು ನನ್ನ ಗಂಡ ಮೈನಸ್ ಹತ್ತರಲ್ಲಿ ಸಿಯೋಲ್ ಸುತ್ತೋದು ಆಗದ ಮಾತು ಅಂತ ಅಲ್ಲಿ ಬರೀ ರಾತ್ರಿ ಕಳೆದು ಬೆಳಗ್ಗೆ ಕೆಟಿಎಕ್ಸ್ ಅನ್ನೋ ವೇಗದ ರೈಲು ಹತ್ತಿ ಸೀದಾ ಬುಸಾನ್‌ಗೆ ಹೋದ್ವಿ, ಎರಡೂವರೆ ಮೂರು ಗಂಟೆ ಅಷ್ಟೇ. ಬುಸಾನ್ ದೇಶದ ದಕ್ಷಿಣದ ಅಂಚಲ್ಲಿದೆ, ಸಮುದ್ರ ಪಕ್ಕದಲ್ಲೇ, ಹಾಗಾಗಿ ಜನವರೀಲೂ ಮಧ್ಯಾಹ್ನ ಏಳೆಂಟು ಡಿಗ್ರಿ ಇರತ್ತೆ, ರಾತ್ರಿ ಸೊನ್ನೆ ಆಸುಪಾಸು, ಹಿಮ ಬೀಳೋದೇ ಅಪರೂಪ, ಬಿಸಿಲು ಮಾತ್ರ ಚೆನ್ನಾಗಿ ಕಾಯತ್ತೆ.

ಆದ್ರೆ ಫೋನಲ್ಲಿ ಕಾಣೋ ಡಿಗ್ರಿ ನಂಬ್ಕೊಂಡು ಪ್ಲಾನ್ ಮಾಡ್ಬೇಡಿ. ಅಲ್ಲಿ ಕಾಡೋದು ಚಳಿ ಅಲ್ಲ, ಗಾಳಿ. ಅದರಲ್ಲೂ ಹೆಯುಂಡೆ ಬೀಚ್ ಹತ್ರ ಎಲ್‌ಸಿಟಿ ಅಂತ 101 ಅಂತಸ್ತಿನ ಟವರ್ ಇದೆ, 411 ಮೀಟರ್, ಅದರ ಅಕ್ಕಪಕ್ಕದಲ್ಲೂ ಉದ್ದುದ್ದ ಬಿಲ್ಡಿಂಗ್‌ಗಳು, ಅವುಗಳ ಸಂದೀಲಿ ಗಾಳಿ ನುಗ್ಗಿ ಬರೋವಾಗ ಮಗಳು ಒಂದ್ಸಲ ನಿಂತ ಜಾಗದಲ್ಲೇ ಹಿಂದಕ್ಕೆ ಸರಿದಳು. ಎರಡನೇದು ಏರು. ಬುಸಾನ್ ಪೂರ್ತಿ ಗುಡ್ಡ, ಮ್ಯಾಪಲ್ಲಿ 400 ಮೀಟರ್ ಅಂತ ತೋರಿಸಿದ್ದು ಕಾಲಿಗೆ ಬಂದಾಗ ನೂರೈವತ್ತು ಮೆಟ್ಲು ಆಗಿರತ್ತೆ. ಅದಕ್ಕೆ ನಾನು ನೋಡೋ ಜಾಗಗಳ ಲಿಸ್ಟ್ ಪಕ್ಕಕ್ಕಿಟ್ಟು ದಿನಾ ರಾತ್ರಿ ಎರಡೇ ವಿಷ್ಯ ನೋಡ್ತಿದ್ದೆ, ನಾಳೆ ಗಾಳಿ ಎಷ್ಟು, ಆ ಜಾಗದಲ್ಲಿ ಏರು ಎಷ್ಟು. ಗಾಳಿ ಕಮ್ಮಿ ಇದ್ರೆ ಸಮುದ್ರದ ಕಡೆ, ಜಾಸ್ತಿ ಇದ್ರೆ ಮಾರ್ಕೆಟ್ಟು, ಸ್ನಾನದ ಮನೆ, ಒಳಗಡೆ ಇರೋ ಜಾಗ. ಬೆಳಗ್ಗೆ ಹತ್ತರ ಮುಂಚೆ ಹೊರಗೆ ಹೋಗೋದೇ ಇಲ್ಲ, ಸೂರ್ಯ ಹುಟ್ಟೋದೇ ಏಳೂವರೆಗೆ, ಸಂಜೆ ಐದೂಕಾಲಿಗೆಲ್ಲ ಮುಳುಗೋಗ್ತಾನೆ.

ಹೋಟೆಲ್ ಬೇಡ ಅಂತ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ತಗೊಂಡ್ವಿ, ಹೆಯುಂಡೆ ಮೆಟ್ರೋ ಸ್ಟೇಷನ್‌ನಿಂದ ಸಪಾಟು ರಸ್ತೇಲಿ ನಡೆಯೋ ದೂರ. ಇದು ನಾವು ತಗೊಂಡ ಅತ್ಯುತ್ತಮ ನಿರ್ಧಾರ, ಕಾರಣ ಒಂಡೋಲ್. ಅಂದ್ರೆ ಮನೆ ನೆಲದ ಅಡಿ ಪೈಪಲ್ಲಿ ಬಿಸಿನೀರು ಹರೀತಿರತ್ತೆ, ನೆಲವೇ ಬಿಸಿ. ಗೋಡೆ ಮೇಲೊಂದು ಪ್ಯಾನೆಲ್ ಇರತ್ತೆ, ಎಲ್ಲ ಕೊರಿಯನ್ ಅಕ್ಷರ, ಅನುವಾದ ಮಾಡೋ ಪಾಪಾಗೊ ಆಪ್‌ನ ಕ್ಯಾಮೆರಾ ಹಿಡಿದ್ರೆ ಯಾವ ಬಟನ್ ನೆಲಕ್ಕೆ, ಯಾವುದು ಸ್ನಾನದ ನೀರಿಗೆ, ಯಾವುದು ಮನೇಲಿ ಯಾರೂ ಇಲ್ದಿದ್ದಾಗ ಅನ್ನೋದು ಗೊತ್ತಾಗತ್ತೆ. ನೆಲ ಕಾಯೋಕೆ ಟೈಮ್ ತಗೊಳತ್ತೆ, ಹಾಗಾಗಿ ಹೊರಗೆ ಹೋಗೋವಾಗ ಪೂರ್ತಿ ಆಫ್ ಮಾಡ್ಬೇಡಿ. ಮಾವ ಮೊದಲ ರಾತ್ರೀನೇ ಮಂಚ ಬಿಟ್ಟು ಕೆಳಗೆ ಚಾದರ ಹಾಸ್ಕೊಂಡು ಮಲಗಿದ್ರು, ಬೆಳಗ್ಗೆ ಎದ್ದು ಮಂಡಿ ಹಿಡಿದಿಲ್ಲ ಅಂತ ಅವರೇ ಹೇಳಿದ ಮೇಲೆ ಉಳಿದ ದಿನ ಮಂಚದ ಮೇಲೆ ಬರೀ ಸೂಟ್‌ಕೇಸ್ ಮಲಗಿದ್ವು.

ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಸೂಪರ್‌ಮಾರ್ಕೆಟಲ್ಲಿ ಮೊಸರು ಅಂತ ಸಿಗೋದರಲ್ಲಿ ಮುಕ್ಕಾಲು ಪಾಲು ಸಿಹಿ, ಹುಡುಕಿ ಹುಡುಕಿ ಸಕ್ಕರೆ ಇಲ್ಲದ್ದು ಒಂದು ಡಬ್ಬಿ ಸಿಕ್ತು. ಅದನ್ನ ಹಾಗೇ ತಿನ್ನೋದು ಬಿಟ್ಟು ಹಾಲು ಕಾಯಿಸಿ, ಬೆಚ್ಚಗಾದಾಗ ಒಂದು ಚಮಚ ಹೆಪ್ಪು ಹಾಕಿ, ಪಾತ್ರೇನ ಟವೆಲ್‌ನಲ್ಲಿ ಸುತ್ತಿ ಸೋಫಾ ಪಕ್ಕ ನೆಲದ ಮೇಲೆ ಇಟ್ರು. ನಾನು ಈ ಚಳೀಲಿ ಎಲ್ಲಿ ಹೆಪ್ಪಾಗತ್ತೆ ಅತ್ತೆ ಅಂದೆ, ನೀನು ಸುಮ್ನೆ ಮಲಗು ಅಂದ್ರು. ಬೆಳಗ್ಗೆ ಚಮಚ ಹಾಕಿದ್ರೆ ಗುಂಡಿ ಬಿದ್ದು ಹಾಗೇ ನಿಲ್ಲೋ ಅಂಥ ಗಟ್ಟಿ ಮೊಸರು. ಆಮೇಲೆ ಓದ್ದೆ, ಕೊರಿಯನ್ನರು ಸೋಯಾ ಕಾಳು ಹುದುಗು ಬರಿಸೋಕೂ ಹಿಂದಿನಿಂದ ಇದೇ ಬಿಸಿನೆಲ ಬಳಸ್ತಾ ಬಂದಿದ್ದಾರಂತೆ, ಅತ್ತೆಗೆ ಹೇಳಿದ್ರೆ ಅದರಲ್ಲೇನಿದೆ ಅನ್ನೋ ಥರ ನೋಡಿದ್ರು. ಬೆಂಗಳೂರಿಂದ ತಂದ ಕೊಬ್ಬರಿ ಎಣ್ಣೆ ಬ್ಯಾಗಲ್ಲೇ ಕಲ್ಲಾಗಿತ್ತು, ಅದೂ ಆ ನೆಲದ ಮೇಲೇ ಕರಗ್ತು. ಎಣ್ಣೆ ಖಂಡಿತ ತಗೊಂಡು ಹೋಗಿ, ಗಾಳಿ ಒಣಗಿರತ್ತೆ, ತುಟಿ ಹಿಮ್ಮಡಿ ಎಲ್ಲ ಬಿರಿಯತ್ತೆ.

ಊಟದ ವಿಷ್ಯ ನೇರ ಹೇಳ್ತೀನಿ, ಸಸ್ಯಾಹಾರಿಗಳಿಗೆ ಬುಸಾನ್ ಸುಲಭ ಅಲ್ಲ. ಮೀನು ಹಂದಿ ಎರಡೂ ಅಲ್ಲಿನ ಉಸಿರು. ಮಾಂಸ ಬೇಡ ಅಂದ್ರೆ ಮಾಂಸದ ತುಂಡು ತೆಗೀತಾರೆ, ಸಾರು ಅದೇ ಇರತ್ತೆ, ಸೂಪಿನ ನೀರೇ ಒಣಮೀನಿಂದ ಮಾಡಿರ್ತಾರೆ, ಅವರ ತರಕಾರಿ ಉಪ್ಪಿನಕಾಯಿ ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನ ಇಲ್ಲಾ ಸಿಗಡಿಯ ಉಪ್ಪಿನ ರಸ. ನಾನು ಪಾಪಾಗೊದಲ್ಲಿ ಮಾಂಸ, ಮೀನು, ಸಿಗಡಿ, ಮೊಟ್ಟೆ, ಇವುಗಳ ಸಾರು, ಇವ್ಯಾವೂ ಬೇಡ ಅಂತ ಉದ್ದಕ್ಕೆ ಬರೆದು ಸ್ಕ್ರೀನ್‌ಶಾಟ್ ಇಟ್ಕೊಂಡಿದ್ದೆ, ಹೋಟೆಲ್‌ಗೆ ಕೂರೋ ಮುಂಚೆ ಬಾಗಿಲಲ್ಲೇ ತೋರಿಸ್ತಿದ್ದೆ, ಆಗಲ್ಲ ಅಂದ್ರೆ ಅಲ್ಲೇ ಗೊತ್ತಾಗತ್ತಲ್ಲ. ಒಂದು ಕಡೆ ಅದನ್ನ ಓದಿ ತಲೆ ಆಡಿಸಿದ ಮೇಲೂ ಅನ್ನಕ್ಕೆ ತರಕಾರಿ ಕಲೆಸಿ ತಿನ್ನೋ ಬಿಬಿಂಬಾಪ್ ಜೊತೆ ಮೀನು ವಾಸನೆಯ ಸೂಪ್ ತಂದಿಟ್ರು, ಅತ್ತೆ ಆ ಬಟ್ಟಲನ್ನ ಒಂದು ಬೆರಳಲ್ಲಿ ಮೆಲ್ಲಗೆ ಮೇಜಿನ ಆ ತುದಿವರೆಗೂ ತಳ್ಳಿದ್ದು ನೋಡ್ಬೇಕಿತ್ತು.

ನಮ್ಮನ್ನ ಕಾಪಾಡಿದ್ದು ಹೆತ್‌ಬಾನ್. ರೆಡಿ ಅನ್ನದ ಡಬ್ಬಿ, ಯಾವ ಅಂಗಡೀಲಾದ್ರೂ ಸಿಗತ್ತೆ, ಮೇಲಿನ ಹಾಳೆ ಸ್ವಲ್ಪ ಎತ್ತಿ ಮೈಕ್ರೋವೇವಲ್ಲಿ ಎರಡು ನಿಮಿಷ ಇಟ್ರೆ ಆಯ್ತು. ಅವರ ಅಕ್ಕಿ ಅಂಟಂಟು, ಪುಳಿಯೋಗರೆ ಗೊಜ್ಜು ಕಲೆಸೋವಾಗ ಮುದ್ದೆ ಆಗತ್ತೆ, ಮೊಸರನ್ನಕ್ಕೆ ಮಾತ್ರ ಅದಕ್ಕಿಂತ ಒಳ್ಳೇದಿಲ್ಲ. ಮನೇಲೇ ಬೆಳಗ್ಗೆ ಅವಲಕ್ಕಿನೋ ಉಪ್ಪಿಟ್ಟೋ ತಿಂದು ಹೋಗೋದು, ಮಧ್ಯಾಹ್ನ ಬೀದೀಲಿ ಸಿಕ್ಕಿದ್ದು, ರಾತ್ರಿ ಮನೆಯೂಟ. ಇನ್ನೊಂದು ದಾರಿ ದೇವಸ್ಥಾನದ ಅಡುಗೆ. ಬೌದ್ಧ ಮಠಗಳ ಅಡುಗೇಲಿ ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಜಾತಿಯ ಯಾವುದೂ ಇಲ್ಲ, ಆ ಶೈಲಿಯ ಹೋಟೆಲ್‌ಗಳೂ ಇದಾವೆ. ಅವರು ವರ್ಜ್ಯ ಅನ್ನೋ ಐದು ಪದಾರ್ಥಗಳ ಸಾಲಲ್ಲಿ ನಮ್ಮ ಇಂಗೂ ಇದೆ ಅಂತ ಗೊತ್ತಾದಾಗ ಅತ್ತೆ ಬ್ಯಾಗಲ್ಲಿದ್ದ ಇಂಗಿನ ಡಬ್ಬಿ ಮುಟ್ಟಿ ನೋಡ್ಕೊಂಡ್ರು, ಇಂಗು ಏನು ಪಾಪ ಮಾಡ್ತು ಅಂತ ಎರಡು ದಿನ ಅದೇ ಮಾತು.

ಬೀದೀಲಿ ಧೈರ್ಯವಾಗಿ ತಿನ್ನೋಕೆ ಸಿಹಿ ಸಿಗತ್ತೆ. ನಾಂಪೊ ಕಡೆ ಬಿಫ್ ಸ್ಕ್ವೇರಲ್ಲಿ ಹೊತ್ತೊಕ್ ಅಂತ ಮಾಡ್ತಾರೆ, ಮೈದಾ ಕಣಕದೊಳಗೆ ಸಕ್ಕರೆ ತುಂಬಿ ಎಣ್ಣೇಲಿ ಕರಿದು, ಕತ್ತರೀಲಿ ಅಂಚು ಸೀಳಿ ಸೂರ್ಯಕಾಂತಿ ಬೀಜ, ಕಡಲೆಬೀಜ ಎಲ್ಲ ಒಂದು ಚಮಚ ತುರುಕಿ ಪೇಪರ್ ಕಪ್ಪಲ್ಲಿ ಕೊಡ್ತಾರೆ, ನಮ್ಮ ಸಕ್ಕರೆ ಹೋಳಿಗೆಗೆ ದೂರದ ನೆಂಟ ಇದ್ದ ಹಾಗೆ. ಕಚ್ಚೋ ಮುಂಚೆ ಊದಿ, ಒಳಗಿನ ಪಾಕ ನಾಲಿಗೆ ಸುಡತ್ತೆ. ಮೀನಿನ ಆಕಾರದ ಬುಂಗೊಪ್ಪಾಂಗ್ ಇನ್ನೊಂದು, ಒಳಗಿರೋದು ಕೆಂಪು ಕಾಳಿನ ಸಿಹಿ ಹೂರಣ, ಮೀನಿನ ಗಂಧಗಾಳಿ ಇಲ್ಲ, ಆದ್ರೂ ಅತ್ತೆ ತಲೆ ಇರೋ ಭಾಗ ಮೊಮ್ಮಗಳಿಗೇ ಕೊಟ್ರು. ಅದೇ ಕೆಂಪು ಕಾಳಿನ ಗಂಜಿ ಪತ್‌ಜುಕ್, ಡಿಸೆಂಬರ್ 21-22ರ ಸುಮಾರಿಗೆ ಅತಿ ಉದ್ದದ ರಾತ್ರಿ ಬರೋ ದಿನ ಪೀಡೆ ಪಿಶಾಚಿ ದೂರ ಇರಲಿ ಅಂತ ಮನೆಮನೇಲಿ ಕುಡೀತಾರೆ, ಬುಪ್ಯೊಂಗ್ ಮಾರ್ಕೆಟ್ಟಿನ ಗಂಜಿ ಅಂಗಡಿಗಳಲ್ಲಿ ಆಮೇಲೂ ಸಿಗತ್ತೆ. ಪಕ್ಕದ ಜಗಲ್ಚಿ ಮೀನು ಮಾರ್ಕೆಟ್ಟು ದೇಶಕ್ಕೇ ಹೆಸರಾದದ್ದು, ರಬ್ಬರ್ ಬೂಟು ಗ್ಲೌಸು ಹಾಕ್ಕೊಂಡ ಹೆಂಗಸರೇ ಹೆಚ್ಚಾಗಿ ವ್ಯಾಪಾರ ನಡೆಸ್ತಾರೆ, ನನ್ನ ಗಂಡ ಮಗಳು ಒಳಗೆ ಒಂದು ರೌಂಡ್ ಹಾಕಿ ಬಂದ್ರು, ನಾವು ಮೂಗಿಗೆ ಸೆರಗು ಹಿಡಿದು ಹೊರಗಿಂದಲೇ.

ಸಮುದ್ರ ನೋಡೋಕೆ ವಯಸ್ಸಾದವರಿಗೆ ಹೇಳಿ ಮಾಡಿಸಿದ್ದು ಬ್ಲೂಲೈನ್ ಪಾರ್ಕ್. ಹಳೇ ರೈಲು ಹಳಿ, ದಾರಿ ಬದಲಾದ ಮೇಲೆ ಖಾಲಿ ಬಿದ್ದಿತ್ತು, 2020ರಿಂದ ಅದರ ಮೇಲೆ ಮಿಪೊದಿಂದ ಸೊಂಗ್ಜೊಂಗ್‌ವರೆಗೆ 4.8 ಕಿಲೋಮೀಟರ್ ಪುಟ್ಟ ಟ್ರೇನ್ ಓಡ್ಸ್ತಾರೆ. ಸೀಟೆಲ್ಲ ಸಮುದ್ರದ ಕಡೆಗೇ ಮುಖ, ಗಾಜಿನ ಆಚೆ ಗಾಳಿ ಎಷ್ಟಾದ್ರೂ ಕುಣೀಲಿ, ಒಳಗೆ ಬೆಚ್ಚಗೆ ಕೂತು ನೋಡಬಹುದು. ಮೇಲಿನ ಹಳೀಲಿ ಓಡೋ ಬಣ್ಣಬಣ್ಣದ ಕ್ಯಾಪ್ಸೂಲ್‌ಗಳದ್ದೇ ಫೋಟೋ ಎಲ್ಲರೂ ಹಾಕೋದು, ಆದ್ರೆ ಒಂದಕ್ಕೆ ನಾಕು ಜನ ಮಾತ್ರ, ಐದು ಜನ ಇದ್ರೆ ಎರಡು ತಗೋಬೇಕು, ಮುಂಚೆ ಬುಕ್ ಮಾಡ್ಬೇಕು, ನನ್ನ ಕೇಳಿದ್ರೆ ಟ್ರೇನೇ ವಾಸಿ. ಟ್ಯಾಕ್ಸೀಲೂ ಇದೇ ನಾಕು ಜನದ ಕಥೆ, ಮಿನಿಮಮ್ 4,800 ವಾನ್, ನಮ್ಮ ಮುನ್ನೂರು ರೂಪಾಯಿ ಹತ್ರ, ಏರು ರಸ್ತೆ ಇದ್ದ ಕಡೆ ಎರಡು ಟ್ಯಾಕ್ಸಿ ತಗೊಳೋಕೆ ಹಿಂದೆಮುಂದೆ ನೋಡ್ಲೇ ಇಲ್ಲ. ಉಳಿದಂತೆ ಮೆಟ್ರೋ, ಲಿಫ್ಟ್ ಎಲ್ಲಿದೆ ಅಂತ ನೇವರ್ ಮ್ಯಾಪಲ್ಲಿ ನೋಡ್ಕೊಂಡು ಹೋಗೋದು, ಗೂಗಲ್ ಮ್ಯಾಪ್ ಅಲ್ಲಿ ನಡೆಯೋ ದಾರಿ ಸರಿಯಾಗಿ ತೋರಿಸಲ್ಲ. ಮೆಟ್ರೋ ಬಸ್ಸಿಗೆ ಬಳಸೋ ಟಿಮನಿ ಕಾರ್ಡಿಗೆ ದುಡ್ಡು ತುಂಬೋಕೆ ನೋಟು ಕೈಯಲ್ಲಿರಲಿ.

ಯೊಂಗ್‌ಗುಂಗ್ಸಾ ದೇವಸ್ಥಾನಕ್ಕೆ ಗಾಳಿ ಇಲ್ಲದ ದಿನ ಕಾದು ಹೋದ್ವಿ. ಬಂಡೆ ಮೇಲೆ, ಅಲೆ ಬಡಿಯೋ ಜಾಗದಲ್ಲಿ ಕಟ್ಟಿದ್ದು, 1376ರಲ್ಲಿ ನಾಓಂಗ್ ಅನ್ನೋ ಭಿಕ್ಷು ಸ್ಥಾಪಿಸಿದ್ದು, ಈಗಿನ ಕಟ್ಟಡಗಳು ಕಳೆದ ಶತಮಾನದವು. 108 ಮೆಟ್ಲು ಇಳೀಬೇಕು, ಮಾವ ಅಷ್ಟೂ ಎಣಿಸಿಕೊಂಡೇ ಇಳಿದ್ರು, ಹತ್ತೋವಾಗ ಎಣಿಸೋ ಉಸಿರಿರಲಿಲ್ಲ. ದಾರೀಲಿ ಗಾಡಿ ಅಪಘಾತ ಆಗದಿರಲಿ ಅಂತ ಬೇಡ್ಕೊಳ್ಳೋಕೇ ಒಂದು ಗೋಪುರ ಇದೆ, ಬೆಂಗಳೂರಿನೋರು ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತ್ರೆ ತಪ್ಪಿಲ್ಲ. ಗಮ್ಚೊನ್ ಬೇರೆ ಕಥೆ, ಕೊರಿಯಾ ಯುದ್ಧಕಾಲದ ನಿರಾಶ್ರಿತರು ಗುಡ್ಡದ ಮೈಗೆ ಅಂಟಿಸಿ ಕಟ್ಕೊಂಡ ಮನೆಗಳು, 2009ರ ಸುಮಾರಿಗೆ ಕಲಾವಿದರು ಬಣ್ಣ ಬಳಿದ ಮೇಲೆ ಜಗತ್ತೇ ಬರ್ತಿದೆ. ತೊಸೊಂಗ್ ಸ್ಟೇಷನ್‌ನಿಂದ ಪುಟ್ಟ ಬಸ್ಸು ಮೇಲ್ಗಡೆವರೆಗೂ ಬಿಡತ್ತೆ, ಅಲ್ಲಿಂದ ಇಳಿದುಕೊಂಡೇ ನೋಡಿ, ಕೆಳಗಿಂದ ಹತ್ತೋ ಸಾಹಸ ಬೇಡ. ಫೋಟೋಗೆ ಕ್ಯೂ ನಿಂತವರ ಹಿಂದೆ ಒಬ್ಬಜ್ಜಿ ಮೂಲಂಗಿ ಚೀಲ ಹೊತ್ಕೊಂಡು ಮನೆಗೆ ಹೋಗೋಕೆ ದಾರಿ ಕಾಯ್ತಾ ನಿಂತಿದ್ದು ನೋಡಿ ನಾನು ಕ್ಯಾಮೆರಾ ಒಳಗಿಟ್ಟೆ.

ಮಾವನಿಗೋಸ್ಕರ ಹೋದ ಜಾಗ ಯುಎನ್ (ವಿಶ್ವಸಂಸ್ಥೆ) ಸ್ಮಾರಕ ಸ್ಮಶಾನ, ದೆಯೊನ್ ಸ್ಟೇಷನ್ ಹತ್ರ. ಅವರು ಬ್ಯಾಂಕ್ ಸರ್ವೀಸಲ್ಲಿ ಮಡಿಕೇರೀಲಿ ಬಹಳ ವರ್ಷ ಇದ್ದೋರು, ಜನರಲ್ ತಿಮ್ಮಯ್ಯ ಅಂದ್ರೆ ಇವತ್ತಿಗೂ ನೆಟ್ಟಗೆ ಕೂರ್ತಾರೆ. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದ ಸೆರೆಯಾಳುಗಳ ಸಮಸ್ಯೆ ಬಗೆಹರಿಸೋ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ತಿಮ್ಮಯ್ಯನವರೇ ಅಧ್ಯಕ್ಷರು. ಅವರ ಕೆಲಸ ನಡೆದದ್ದು ಉತ್ತರದ ಗಡಿ ಹತ್ರ ಪನ್ಮುಂಜೋಮ್ ಕಡೆ, ಬುಸಾನಲ್ಲಲ್ಲ, ಅದು ಮಾವನಿಗೂ ಗೊತ್ತು. ಆದ್ರೆ ಅದಕ್ಕೂ ಮುಂಚೆ, 1950ರ ನವೆಂಬರಲ್ಲಿ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನಾಯಕತ್ವದ ನಮ್ಮ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಡಾಕ್ಟರುಗಳ ತಂಡ ಹಡಗಿಂದ ಇಳಿದದ್ದು ಇದೇ ಊರಿನ ಬಂದರಲ್ಲಿ. ಸ್ಮಶಾನ ಶುರುವಾದದ್ದು 1951ರಲ್ಲಿ, ಜಗತ್ತಲ್ಲಿ ಯುಎನ್ ಹೆಸರಲ್ಲಿರೋದು ಇದೊಂದೇ, ಯುಎನ್ ಪಡೆಗಳ ಸುಮಾರು 2,300 ಜನ ಮಲಗಿದ್ದಾರೆ, ಬ್ರಿಟನ್ನಿನವರು ಜಾಸ್ತಿ, ಆಮೇಲೆ ಟರ್ಕಿ. ಪ್ರವೇಶ ಫ್ರೀ, ಸಪಾಟು ಜಾಗ, ಮರಗಳಿರೋದ್ರಿಂದ ಗಾಳಿಯೂ ಅಷ್ಟಿಲ್ಲ. ಮಾವ ಕಲ್ಲುಗಳ ಮೇಲಿನ ವಯಸ್ಸು ಓದ್ತಾ ಓದ್ತಾ ಹೋದ್ರು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಮಗಳು ತಾತನ ಕೈ ಹಿಡ್ಕೊಂಡು ಇವರೆಲ್ಲ ಯಾಕೆ ಇಲ್ಲಿಗೆ ಬಂದ್ರು ಅಂತ ಕೇಳಿದ್ಲು, ಅದಕ್ಕೆ ಅವರು ಗೇಟ್‌ವರೆಗೂ ಉತ್ತರ ಹೇಳ್ತಾನೇ ಇದ್ರು.

ಗಾಳಿ ಜೋರಿದ್ದ ದಿನ ಸೆಂಟಮ್ ಸಿಟಿಯ ಸ್ಪಾ ಲ್ಯಾಂಡ್. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಒಳಗೆ ಬಿಸಿನೀರಿನ ಬುಗ್ಗೆಯ ಸ್ನಾನದ ಮನೆ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ, ಕೊಳಕ್ಕೆ ಇಳಿಯೋದಾದ್ರೆ ಮೈಮೇಲೆ ಒಂದೆಳೆ ಇರೋ ಹಾಗಿಲ್ಲ, ಅತ್ತೆ ರಾಮ ರಾಮ ಅಂದ್ರು. ಅವರಿಗೆ ಕೊಳ ಬಿಟ್ಟು ಸೀದಾ ಆಚೆ ಹೋಗೋಕೆ ಹೇಳ್ದೆ, ಅಲ್ಲಿ ಎಲ್ರೂ ಅವರು ಕೊಡೋ ಅಂಗಿ ಚಡ್ಡಿ ಹಾಕ್ಕೊಂಡು ಬಿಸಿ ಕೋಣೆಗಳಲ್ಲಿ ಒಟ್ಟಿಗೆ ಕೂರ್ತಾರೆ, ಹೊರಗಡೆ ಕಾಲು ಇಳಿಬಿಡೋ ಬಿಸಿನೀರಿನ ತೊಟ್ಟಿ ಬೇರೆ. ಮೊಣಕಾಲವರೆಗೂ ಬಿಸಿ, ಮುಖಕ್ಕೆ ತಣ್ಣನೆ ಗಾಳಿ, ಕೈಯಲ್ಲಿ ಸಿಕ್ಹೆ ಅನ್ನೋ ಅಕ್ಕಿಯ ಸಿಹಿ ಪಾನಕ, ಅತ್ತೆ ಮಾವ ಇಬ್ರೂ ಅಲ್ಲಿಂದ ಏಳೋಕೇ ತಯಾರಿಲ್ಲ.

ಗ್ವಾಂಗಲ್ಲಿ ಬೀಚಲ್ಲಿ ಶನಿವಾರ ರಾತ್ರಿ ಡ್ರೋನ್ ಶೋ ಇರತ್ತೆ, ಚಳಿಗಾಲದಲ್ಲಿ ಏಳಕ್ಕೇ ಶುರು, ಹಿಂದೆ ದೀಪ ಹಾಕ್ಕೊಂಡ 7.4 ಕಿಲೋಮೀಟರಿನ ಸೇತುವೆ. ಮರಳಲ್ಲಿ ನಿಲ್ಲಬೇಡಿ, ಎದುರಿನ ಕೆಫೆಗಳ ಮೇಲಿನ ಮಹಡೀಲಿ ಕಿಟಕಿ ಪಕ್ಕ ಒಂದು ಗಂಟೆ ಮುಂಚೆ ಹೋಗಿ ಕೂತ್ಬಿಡಿ. ಟೆಜೊಂಗ್ಡೆ ಬಂಡೆ ತುದೀನ ನಾವು ಬಿಟ್ವಿ, ಅಲ್ಲಿ ಗಾಳಿಗೆ ಹೇಳೋರು ಕೇಳೋರೇ ಇಲ್ಲ. ಸೊಂಗ್ಡೊ ಕೇಬಲ್ ಕಾರ್ ಮಾಡಿದ್ವಿ, ಸಮುದ್ರದ ಮೇಲೆ 1.62 ಕಿಲೋಮೀಟರ್, ಅದೂ ಗಾಳಿ ಜಾಸ್ತಿ ಆದ್ರೆ ನಿಲ್ಲಿಸ್ತಾರೆ, ಹಾಗಾಗಿ ಆ ದಿನ ಬೆಳಗ್ಗೆ ನೋಡಿಯೇ ಟಿಕೆಟ್ ತಗೊಳ್ಳಿ. ಗಾಜಿನ ತಳದ ಬೋಗಿಗೆ ಎಕ್ಸ್‌ಟ್ರಾ ದುಡ್ಡು. ನಮ್ಮಲ್ಲಿ ಮಗಳೊಬ್ಬಳು ಬಿಟ್ರೆ ಯಾರೂ ಕೆಳಗೆ ನೋಡ್ಲೇ ಇಲ್ಲ, ಮಾಮೂಲಿ ಬೋಗೀನೇ ಸಾಕು.